ಮೊದಲ ಫಲದ ತೂಕ

ಲಾರಿ ಪೂರ್ತಿ ನಿಲ್ಲುವ ಮೊದಲೇ ಅಲುಮಿತಾ ನೆಲಕ್ಕೆ ಹಾರಿದಳು. ಹೆಗಲಿನ ಚೀಲದಲ್ಲಿ ಕೊಕ್ಕೆಯ ತಕ್ಕಡಿ, ಕಂಕುಳಲ್ಲಿ ಕಾಗದ ಸುತ್ತಿದ, ಅರೆದು ಕುಡಿಯುವ ಯಂಗೋನಾ ಬೇರಿನ ಕಟ್ಟು. ಬೇರು ಊರ ದೊರೆಗೆ. ಅದನ್ನು ಮುಂದಿಟ್ಟು ಅಪ್ಪಣೆ ಪಡೆಯದೆ ನಾಸೇಲಾದಲ್ಲಿ ಹೊರಗಿನವರು ಒಂದು ಹುಲ್ಲುಕಡ್ಡಿಯನ್ನೂ ಕೀಳುವಂತಿಲ್ಲ. ತಕ್ಕಡಿ ಮಾತ್ರ ಮುದುಕ ಸೈರುಸಿಯ ಹೊಲಕ್ಕೆ. ಹದಿನೈದು ತಿಂಗಳಿಂದ ಅವಳು ಕಾಯುತ್ತಿದ್ದದ್ದು ಈ ಶನಿವಾರಕ್ಕೇ.

ತವೆಯುನಿ ದ್ವೀಪದ ರೈತರ ಸಂಘ ಇಟ್ಟುಕೊಂಡಿರುವ ಸಾವಯವ ಸಲಹೆಗಾರರು ಇಬ್ಬರೇ. ಒಬ್ಬರು ಕಡತದ ಹಿಂದೆ ಕೂತಿರುತ್ತಾರೆ, ಊರೂರು ಅಲೆಯುವವಳು ಅಲುಮಿತಾ. ಸಲಹೆ ಹೇಳುವವರ ಪಾಡು ಯಾರಿಗೆ ಗೊತ್ತಿಲ್ಲ? ಹೇಳಿದ್ದಕ್ಕೆಲ್ಲ ಊರವರು ತಲೆಯಾಡಿಸುತ್ತಾರೆ, ಉಪಕಾರ ಆಯಿತು ಅನ್ನುತ್ತಾರೆ, ಹೊಟ್ಟೆ ಬಿರಿಯುವಂತೆ ಉಣ್ಣಿಸಿ ಕಳಿಸುತ್ತಾರೆ. ಮಾರನೆಯ ಬೆಳಿಗ್ಗೆ ಬೆನ್ನಿಗೆ ಕಳೆನಾಶಕದ ಡಬ್ಬಿ ಏರಿಸಿಕೊಂಡು ಹೊಲಕ್ಕೆ ಹೋಗುತ್ತಾರೆ. ಬಂದವರ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅವಳಿಗೆ ಇಲ್ಲ ಅಂದವನು ಸೈರುಸಿ ಒಬ್ಬನೇ, ಅದಕ್ಕೇ ಅವಳಿಗೆ ಆ ಮುದುಕನ ಮೇಲೆ ಪ್ರೀತಿ.

ಹಾಗೆ ಅನ್ನುವ ಹಕ್ಕು ಅವನಿಗಿತ್ತು. ಅವಳ ಊರಿಗೂ ನಾಸೇಲಾಕ್ಕೂ ಮೂಲದ ದೇವರು ಒಬ್ಬನೇ ಎಂದು ಹಿರಿಯರ ಮಾತು. ಅಂಥ ಊರಿನವರು ಎದುರಾದರೆ ಬಾಯಿಗೆ ಬಂದಂತೆ ಹಂಗಿಸಿಕೊಳ್ಳಬಹುದು, ಒಬ್ಬರ ವಸ್ತುವಿಗೆ ಇನ್ನೊಬ್ಬರು ಕೇಳದೆ ಕೈಹಾಕಬಹುದು. ಸಿಟ್ಟು ಮಾತ್ರ ಮಾಡಿಕೊಳ್ಳುವಂತಿಲ್ಲ. ನಸುಗುನ್ನಿ ಬಳ್ಳಿಯನ್ನು, ಮೈ ತುರಿಸದ ಜಾತಿಯದನ್ನು, ಆರು ತಿಂಗಳು ಹೊಲದ ತುಂಬ ಹಬ್ಬಿಸಿ, ಅದನ್ನು ಅಲ್ಲೇ ಮಲಗಿಸಿ ಕೊಳೆಸಿ, ಔಷಧಿ ಮುಟ್ಟಿಸದೆ ಕೆಸು ನೆಡಿ ಎಂದು ಅವಳು ಮೊದಲ ಸಲ ಹೇಳಿದಾಗ ಸೈರುಸಿ ಊರೆಲ್ಲ ಕೇಳುವಂತೆ ನಕ್ಕಿದ್ದ.

“ಅಲ್ಲ ಕಣೇ, ಮಣ್ಣು ಮುದಿಯಾಗಿದೆ. ಮುದುಕಿಗೆ ಹಸಿರು ಹೊದಿಕೆ ಹೊದಿಸಿದ್ರೆ ಹರೆಯ ಬರುತ್ತಾ?”

“ನಿಮ್ಮ ಮನೇಲಿರೋ ಮುದುಕಿಗೆ ಒಂದ್ಸಲ ಹೊದಿಸಿ ನೋಡಿದ್ದೀರಾ ಮಾವಾ?” ಅಂದಿದ್ದಳು ಅಲುಮಿತಾ.

ಎಲ್ಲರಿಗಿಂತ ಜೋರಾಗಿ ನಕ್ಕವಳು ಸೈರುಸಿಯ ಹೆಂಡತಿ ಕೆಲೆರಾ. ಆ ನಗುವಿಗೇ ಸೋತು ಅವನು ಒಂದು ತುಂಡು ಹೊಲ ಬಿಟ್ಟುಕೊಟ್ಟ. ದಾರಿಯ ಕಡೆಯ ಅರ್ಧ ಅವನ ರೀತಿ, ಔಷಧಿ ಹೊಡೆದು ಹಸನು ಮಾಡಿದ್ದು. ತೊರೆಯಾಚೆಯ ಅರ್ಧ ಅವಳ ರೀತಿ, ಬಳ್ಳಿ ಹಾಸಿದ್ದು. ಎರಡರಲ್ಲೂ ಒಂದೇ ದಿನ, ಒಂದೇ ತಳಿಯ ಐವತ್ತೈವತ್ತು ಕೆಸು. ನೀನು ಸೋಲುವುದನ್ನು ಕಣ್ಣಾರೆ ನೋಡಬೇಕು, ಅದಕ್ಕೇ ಕೊಟ್ಟಿದ್ದೇನೆ ಎಂದೂ ಹೇಳಿದ್ದ.

ಆಗ ಅದು ತಮಾಷೆಯಾಗಿತ್ತು. ಈಗ ಆಗಿರಲಿಲ್ಲ. ವರ್ಷದಿಂದ ವರ್ಷಕ್ಕೆ ಊರಿನ ಗೆಡ್ಡೆ ಸಣ್ಣದಾಗುತ್ತ ಬಂದು, ಸೈರುಸಿಯ ತಮ್ಮನ ಮಗ ಇನೋಕೆ ಮತ್ತು ಅವನ ಓರಗೆಯವರು ನೀರಿನ ಬುಗ್ಗೆಯ ಮೇಲಿನ ಗುಡ್ಡದ ಕಾಡಿನ ಮೇಲೆ ಕಣ್ಣು ಹಾಕಿದ್ದರು. ಹೊಸ ಮಣ್ಣು, ದಪ್ಪ ಗೆಡ್ಡೆ. ಮರ ಕೊಯ್ಯುವ ಯಂತ್ರವನ್ನು ಸೋಮವಾರಕ್ಕೆ ಗೊತ್ತು ಮಾಡಿ ಆಗಿತ್ತು. ದೊರೆಗಳು ಮಾತ್ರ ಒಂದು ಮಾತು ಉಳಿಸಿಕೊಂಡಿದ್ದರು: ಶನಿವಾರ ತೂಕವಾಗಲಿ, ಮೂರು ಗಂಟೆಗೆ ಸಭೆ ಸೇರಲಿ, ತಕ್ಕಡಿ ಹೇಳಿದ ಹಾಗೆ ನಡೆಯೋಣ. ಅಲುಮಿತಾಳ ಸ್ವಂತ ಊರಿನ ಗುಡ್ಡ ಹೀಗೇ ಬೋಳಾದದ್ದು. ಆರೇ ವರ್ಷಕ್ಕೆ ಆ ಹೊಸ ಮಣ್ಣೂ ಹಳೆಯದಾಯಿತು, ಬುಗ್ಗೆಯೂ ಬತ್ತಿತು. ಈಗ ಅಲ್ಲಿ ಅವಳ ಅಕ್ಕಂದಿರು ಕೊಡ ಇಟ್ಟುಕೊಂಡು ನೀರಿನ ಲಾರಿ ಕಾಯುತ್ತಾರೆ.

ದೊರೆಗಳ ಮುಂದೆ ಬೇರು ಇಟ್ಟದ್ದಾಯಿತು, ಬೊಗಸೆ ಚಪ್ಪಾಳೆ ತಟ್ಟಿದ್ದಾಯಿತು, ಅಪ್ಪಣೆಯೂ ಸಿಕ್ಕಿತು. ಸೈರುಸಿ ಹಾರೆ ಹಿಡಿದು ಮುಂದೆ ನಡೆದ. ದಾರಿಯುದ್ದಕ್ಕೂ ಅವನು ಅವಳನ್ನು ಒಂದು ಸಲವೂ ಹಂಗಿಸಲಿಲ್ಲ, ಅದೇ ಅವಳಿಗೆ ಸೋಜಿಗವಾಯಿತು. ದಾರಿ ಕಡೆಯ ಅರ್ಧದಲ್ಲಿ ಐವತ್ತೂ ಗಿಡ ಸಾಲಾಗಿ ನಿಂತಿದ್ದವು. ತೊರೆ ದಾಟಿದರು. ಬಳ್ಳಿ ಹಾಸಿದ್ದ ಅರ್ಧದಲ್ಲಿ ಎಲ್ಲಿ ನೋಡಿದರೂ ಗುಂಡಿ. ಎಣಿಸಿದಳು, ಮೂವತ್ತೆರಡು. ಉಳಿದ ಹದಿನೆಂಟು ಗಿಡ ಅಂಚಿನಲ್ಲಿದ್ದ ಬಡಕಲು.

ಹಂದಿ ನುಗ್ಗಿತ್ತೇ ಎಂದು ಕೇಳಿದಳು.

“ಹಂದಿಯಲ್ಲ, ನಾನೇ,” ಅಂದ ಸೈರುಸಿ. “ಇವತ್ತು ಬೆಳೆ ಕೀಳೋದು ಅಂದ್ಮೇಲೆ ಮೊದಲ ಫಲ ದೇವರಿಗೂ ದೊರೆಗೂ ಹೋಗ್ಬೇಡ್ವಾ? ಬೆಳಿಗ್ಗೇನೇ ಹೊತ್ತು ಹಾಕಿದೆ.”

“ನಾನು ಬರೋ ತನಕ ಮುಟ್ಟಬೇಡಿ ಅಂದಿದ್ದೆನಲ್ಲ ಮಾವಾ.”

“ಮಾರಬೇಡಿ ಅಂದೆ, ಮಾರಲಿಲ್ಲ. ತಿನ್ನಬೇಡಿ ಅಂದೆ, ಮನೇಲಿ ಮರಗೆಣಸು ಬೇಯಿಸ್ಕೊಂಡು ತಿಂದ್ವಿ. ದೇವರಿಗೆ ಕೊಡಬೇಡಿ ಅಂತ ಏನಾದ್ರೂ ಅಂದಿದ್ರೆ ಅವತ್ತೇ ಲಾರಿ ಹತ್ತಿಸ್ತಿದ್ದೆ.”

ತಪ್ಪು ಅವನದಲ್ಲ. ಅವಳ ಅಪ್ಪನೂ ಮೊದಲ ಫಲ ಒಪ್ಪಿಸದೆ ಗೆಣಸಿನ ಹೊಲದಲ್ಲಿ ಹಾರೆ ಊರಿದವನಲ್ಲ. ಎರಡು ವರ್ಷ ರಾಜಧಾನಿ ಸುವಾದಲ್ಲಿ ಮಣ್ಣಿನ ಶಾಸ್ತ್ರ ಓದಿ ಬಂದವಳು ಅಪ್ಪನ ಶಾಸ್ತ್ರ ಮರೆತಿದ್ದಳು. ಆ ಗಳಿಗೆಯಲ್ಲಿ ಅವಳ ಕಣ್ಣಿಗೆ ಕಂಡದ್ದು ಗುಂಡಿಗಳು ಮಾತ್ರ, ಬೇರೇನೂ ಕಾಣಲಿಲ್ಲ. ಹತ್ತು ಗಂಟೆಯಾಗಿತ್ತು, ಸಭೆಗೆ ಇನ್ನೂ ಐದು ಗಂಟೆ ಇತ್ತು.

“ಎಲ್ಲಿವೆ ಈಗ?” ಅಂದಳು.

“ಹತ್ತು ಪಾದ್ರಿ ಮನೇಲಿ, ಇಪ್ಪತ್ತೆರಡು ದೊರೆ ಮನೇಲಿ. ನಡಿ, ನನ್ನ ಕೈಯಿಂದ ಹೋದದ್ದು, ನಾನೇ ತೋರಿಸ್ತೀನಿ. ಸೋಲೋದಾದ್ರೆ ನ್ಯಾಯವಾಗಿ ಸೋಲು. ಮುದುಕ ಮೋಸ ಮಾಡಿ ಗೆದ್ದ ಅಂತ ನಿಮ್ಮೂರಲ್ಲಿ ಡಂಗುರ ಸಾರಬೇಡ.”

ತಕ್ಕಡಿಯನ್ನು ಒಂದು ಬಿದಿರ ಗಳುವಿಗೆ ಸಿಕ್ಕಿಸಿ, ಈ ತುದಿ ಅವಳು ಆ ತುದಿ ಅವನು ಹೆಗಲಿಗೇರಿಸಿ ಓಡಿದರು. ಅರವತ್ತೆಂಟು ವರ್ಷದ ಮುದುಕ ಅವಳಿಗಿಂತ ಮುಂದಿದ್ದ. ಪಾದ್ರಿಯ ಮನೆಯಲ್ಲಿ ಆರು ಗೆಡ್ಡೆ ದಿವಿಹಲಸಿನ ಮರದ ಕೆಳಗೆ ಕಟ್ಟು ಕಟ್ಟಿದ ಹಾಗೇ ಇದ್ದವು. ಕಾಣಿಕೆ ಎಂದರೆ ದಂಟು ಸಮೇತ ಕೊಡುವುದು ತಾನೇ, ಗೇಣುದ್ದದ ದಂಟು ನೆಟ್ಟಗೆ ನಿಂತಿತ್ತು. ಬಿಚ್ಚಲು ಪಾದ್ರಿಯ ಹೆಂಡತಿ ಬಿಡಲಿಲ್ಲ, ನಾಳೆ ಚರ್ಚಿನಲ್ಲಿ ಇಡಬೇಕು ಅಂದಳು. ಕಟ್ಟನ್ನೇ ಕೊಕ್ಕೆಗೆ ಏರಿಸಿದರು. ಮುಳ್ಳು ಸರ್ರನೆ ಇಳಿದು ಹತ್ತು ಕಿಲೋ ದಾಟಿದಾಗ ಅಲುಮಿತಾಳ ಮೈ ಜುಂ ಅಂದಿತು. ಉಳಿದ ನಾಲ್ಕು ಒಲೆಯ ಮೇಲೆ ಕುದಿಯುತ್ತಿದ್ದವು. ಕೇಳದೆ ಕೈಹಾಕುವ ಹಕ್ಕು ತನಗಿದೆಯಲ್ಲ ಎಂದು ಅವಳು ಪಾತ್ರೆಯನ್ನೇ ಎತ್ತಿ ಕೊಕ್ಕೆಗೆ ತೂಗುಹಾಕಿದಳು. ನೀರಿನ ತೂಕ ಎಷ್ಟು, ಪಾತ್ರೆಯ ತೂಕ ಎಷ್ಟು, ಸಿಪ್ಪೆ ಯಾವ ಹಂದಿಯ ಹೊಟ್ಟೆ ಸೇರಿತು ಎಂದು ಮೂವರೂ ಸ್ವಲ್ಪ ಹೊತ್ತು ಜಗಳವಾಡಿ ಪಾತ್ರೆಯನ್ನು ಮತ್ತೆ ಒಲೆಗೆ ಇಟ್ಟರು.

ದೊರೆಗಳ ಮನೆಯಲ್ಲಿ ಬೇರೆಯೇ ಕಥೆ. ದೊರೆಗೆ ಬಂದದ್ದು ದೊರೆಯ ಹತ್ತಿರ ನಿಲ್ಲುವುದುಂಟೇ? ನಾಲ್ಕನ್ನು ಸಭೆಯ ಊಟಕ್ಕೆಂದು ನೆಲದೊಲೆಯಲ್ಲಿ ಇಟ್ಟು ಎಲೆ ಮಣ್ಣು ಮುಚ್ಚಿ ಆಗಿತ್ತು, ಹೊತ್ತಿಗೆ ಮುಂಚೆ ಅದನ್ನು ತೆರೆಯುವಂತಿಲ್ಲ. ಉಳಿದ ಹದಿನೆಂಟು ಮನೆಗೊಂದರಂತೆ ಹಂಚಿ ಹೋಗಿದ್ದವು. ಗಳು ಹೊತ್ತು ಮನೆ ಮನೆ ಹತ್ತಿ ಇಳಿದರು. ಮೂರನೆಯ ಮನೆ ದಾಟುವಷ್ಟರಲ್ಲಿ ಹಿಂದೆ ಹತ್ತು ಜನ, ಆರನೆಯ ಮನೆ ದಾಟುವಷ್ಟರಲ್ಲಿ ಮೂವತ್ತು. ತಮ್ಮದೇ ದೊಡ್ಡದು, ದೊರೆಗಳಿಗೆ ತಮ್ಮ ಮೇಲೇ ಹೆಚ್ಚು ಅಭಿಮಾನ ಎಂದು ಸಾಧಿಸಲು ಹೆಂಗಸರು ಗೆಡ್ಡೆಯನ್ನು ಕೂಸಿನ ಹಾಗೆ ಎತ್ತಿಕೊಂಡು ಓಡಿ ಬಂದರು. ದಾದಿಯ ಗೆಡ್ಡೆ ಎರಡು ಕಿಲೋ ಮುಟ್ಟಿದಾಗ ಮೇಷ್ಟರ ಮನೆಯಾಕೆ ಮುಖ ಊದಿಸಿಕೊಂಡಳು. ಒಬ್ಬ ಅಜ್ಜಿ ತನ್ನದನ್ನು ಹಾಸಿಗೆಯ ಪಕ್ಕ ಇಟ್ಟುಕೊಂಡು, ಮಗಳು ನೋಡುವ ತನಕ ಯಾರೂ ಮುಟ್ಟಕೂಡದು ಅಂದಳು. ಇನ್ನೊಂದು ಬೆಳಗಿನ ದೋಣಿ ಹತ್ತಿ ಸುವಾದ ನೆಂಟರ ಕಡೆ ಹೋಗಿತ್ತು. ಐದು ಆಗಲೇ ಬೆಂದು ಹೊಟ್ಟೆ ಸೇರಿದ್ದವು. ಅಲುಮಿತಾ ಬೆವರಿನಲ್ಲಿ ತೊಯ್ದು, ಚಪ್ಪಲಿ ಎಲ್ಲೋ ಬಿಟ್ಟು, ಬರಿಗಾಲಲ್ಲಿ ನಗುತ್ತ ಓಡುತ್ತಿದ್ದಳು. ಊರಿಗೆ ಊರೇ ಒಂದು ಕೆಸುವಿನ ಗೆಡ್ಡೆಯ ತೂಕಕ್ಕೆ ಹೀಗೆ ಉಸಿರು ಹಿಡಿದು ನಿಂತದ್ದನ್ನು ಅವಳು ಕೆಲಸಕ್ಕೆ ಸೇರಿದಂದಿನಿಂದ ಕಂಡಿರಲಿಲ್ಲ.

ಕೊನೆಗೆ ಮೂವತ್ತೆರಡರಲ್ಲಿ ತಕ್ಕಡಿಗೆ ಸಿಕ್ಕವು ಹದಿನೇಳು. ಹೊಲಕ್ಕೆ ಮರಳಿ ಬಡಕಲು ಹದಿನೆಂಟನ್ನೂ ದಾರಿ ಕಡೆಯ ಐವತ್ತನ್ನೂ ಕಿತ್ತು, ದಂಟು ಕತ್ತರಿಸಿ ತೂಗಿದರು. ಔಷಧಿ ಹೊಡೆದ ಅರ್ಧ ನಲವತ್ತೊಂದು ಕಿಲೋ. ಬಳ್ಳಿಯ ಅರ್ಧದಲ್ಲಿ ಸಿಕ್ಕಷ್ಟು ನಲವತ್ತಮೂರು. ಅದರಲ್ಲಿ ಕಾಣಿಕೆಯ ಗೆಡ್ಡೆಗಳ ದಂಟಿನ ತೂಕ ಎಷ್ಟೆಂದು ಹೇಳಲಾಗದು ಎಂದು ಅವಳಿಗೆ ಆಗಲೇ ಗೊತ್ತಾಯಿತು.

ಮೂರು ಗಂಟೆಗೆ ಸಭಾಮನೆಯ ಚಾಪೆಗಳ ಮೇಲೆ ಕಾಲಿಡಲು ಜಾಗವಿರಲಿಲ್ಲ. ಅಲುಮಿತಾ ತಲೆ ತಗ್ಗಿಸಿ ಬಂದು ಕೂತು ಎರಡು ಅಂಕಿ ಹೇಳಿದಳು. ಇನೋಕೆ ದಡ್ಡನಲ್ಲ, ಕೆಟ್ಟವನೂ ಅಲ್ಲ. ಅವನಿಗೆ ಮೂರು ಮಕ್ಕಳು, ಸಣ್ಣ ಗೆಡ್ಡೆ.

“ಅಕ್ಕಾ, ಒಂದು ಕಡೆ ದಂಟು ಸಮೇತ, ಇನ್ನೊಂದು ಕಡೆ ದಂಟಿಲ್ಲದೆ. ಅದು ತೂಕವಾ?” ಅಂದ. “ಹದಿನೈದು ಗೆಡ್ಡೆ ತಕ್ಕಡಿನೇ ಕಂಡಿಲ್ಲ. ಹೊಟ್ಟೆಗೆ ಹೋದದ್ದನ್ನ ಹೇಗೆ ತೂಗ್ತೀರಿ?”

ಸಿಕ್ಕ ಹದಿನೇಳರ ಸರಾಸರಿ ಹಿಡಿದು ಹದಿನೈದಕ್ಕೂ ಹಾಕಿಬಿಡು, ಯಾರು ಕೇಳುತ್ತಾರೆ ಎಂದು ಅವಳ ಮನಸ್ಸು ಗೊಣಗುತ್ತಿತ್ತು. ಆದರೆ ಇವತ್ತು ಒಂದು ಅಂಕಿ ಹುಟ್ಟಿಸಿದರೆ ನಾಳೆ ಈ ಊರು ಅವಳ ಯಾವ ಮಾತನ್ನೂ ನಂಬಬೇಕಾಗಿಲ್ಲ.

“ಇನೋಕೆ ಹೇಳಿದ್ದು ಸರಿ,” ಅಂದಳು. “ಈ ತೂಕ ಪೂರ್ತಿಯಲ್ಲ. ತಕ್ಕಡಿಯಿಂದ ನಾನು ಗೆದ್ದಿಲ್ಲ.”

ಇನೋಕೆಯ ಗೆಳೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊರೆಗಳು ಮಾತಾಡಲು ಗಂಟಲು ಸರಿಮಾಡಿಕೊಂಡರು. ಅಲುಮಿತಾಳ ಕಣ್ಣಿಗೆ ಗುಡ್ಡ ಬೋಳಾದದ್ದೇ ಕಂಡಿತು, ಜೊತೆಗೆ ಅಪ್ಪನೂ ಕಂಡ. ಮೊದಲ ಫಲ ಕೀಳುವ ಬೆಳಿಗ್ಗೆ ಅಪ್ಪ ಹೊಲವನ್ನು ಎರಡು ಸುತ್ತು ಹಾಕುತ್ತಿದ್ದ, ಪ್ರತಿ ಬುಡದ ಹತ್ತಿರ ಬಗ್ಗಿ ಮಣ್ಣು ಸರಿಸಿ ನೋಡುತ್ತಿದ್ದ. ಅವಳಿಗೆ ಥಟ್ಟನೆ ಹೊಳೆಯಿತು. ಹೊಳೆದ ರಭಸಕ್ಕೆ ಸಭೆಯ ಮರ್ಯಾದೆಯನ್ನೂ ಮರೆತು ಮಂಡಿಯ ಮೇಲೆ ಎದ್ದಳು.

“ಮಾವಾ, ಒಂದು ಮಾತು ಕೇಳ್ತೀನಿ. ಮನೆಯಿಂದ ಹೋದ್ರೆ ಮೊದಲು ಸಿಗೋದು ಯಾವ ಅರ್ಧ?”

“ನಂದು. ಔಷಧಿ ಹೊಡೆದದ್ದು,” ಅಂದ ಸೈರುಸಿ.

“ಬಳ್ಳಿ ಅರ್ಧ ತೊರೆಯಾಚೆ. ಮೂವತ್ತೆರಡನ್ನೂ ಆಚೆಯಿಂದ, ನೀರು ದಾಟಿಸಿ ಹೊತ್ತು ತಂದಿದ್ದೀರಿ. ಈಚೆಯಿಂದ ಒಂದೇ ಒಂದು ಯಾಕೆ ಕೀಳಲಿಲ್ಲ?”

ಅವಳನ್ನು ಹಂಗಿಸಲು ಸೈರುಸಿಗೆ ಅಡ್ಡಿಯಿರಲಿಲ್ಲ, ಆದರೆ ದೊರೆಯ ಎದುರು, ಪಾದ್ರಿಯ ಎದುರು ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಬೆಳಿಗ್ಗೆ ತಾನು ಮಾಡಿದ್ದೇನು ಎಂದು ಅವನಿಗೂ ಈಗಲೇ ತಿಳಿಯಿತೆಂದು ಅವನ ಮುಖದಲ್ಲೇ ಕಾಣುತ್ತಿತ್ತು.

“ಬಗ್ಗಿ ನೋಡಿದೆ,” ಅಂದ. “ಈಚೆ ಐವತ್ತರ ಬುಡಾನೂ ನೋಡಿದೆ. ಅಂಥದ್ದನ್ನ ದೇವರ ಮುಂದೆ ಹೇಗೆ ಇಡ್ಲಿ?”

ಮೊದಲು ನಕ್ಕವಳು ಕೆಲೆರಾ, ಹದಿನೈದು ತಿಂಗಳ ಹಿಂದೆ ನಕ್ಕ ಹಾಗೆಯೇ. ಆಮೇಲೆ ಇಡೀ ಸಭಾಮನೆ ಹೋ ಎಂದಿತು. ಅಲುಮಿತಾಳಿಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದವು, ಎರಡನ್ನೂ ಅವಳು ತಡೆಯಲಿಲ್ಲ. ತೀರ್ಮಾನವಾಯಿತು ಎಂದು ದೊರೆಗಳು ಬೊಗಸೆ ಕೂಡಿಸಿ ಮೂರು ಸಲ ಚಪ್ಪಾಳೆ ತಟ್ಟಿದರು. ಯಂತ್ರದವನಿಗೆ ಸೋಮವಾರ ಬರಬೇಡ ಎಂದು ಹೇಳಿಕಳಿಸಲು ಇನೋಕೆಗೇ ಅಪ್ಪಣೆಯಾಯಿತು. ಅವನು, ಬಳ್ಳಿ ಹಬ್ಬುವ ಆರು ತಿಂಗಳು ಮಕ್ಕಳಿಗೆ ಏನು ತಿನ್ನಿಸಲಿ ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಅರ್ಧ ಹೊಲಕ್ಕೆ ಮಾತ್ರ ಬಳ್ಳಿ, ಅರ್ಧಕ್ಕೆ ಮರಗೆಣಸು, ನಾಳೆಯೇ ಬಂದು ಗುರುತು ಹಾಕಿಕೊಡುತ್ತೇನೆ ಎಂದು ಅವಳು ಮಾತು ಕೊಟ್ಟಳು. ನಾಳೆ ಭಾನುವಾರ ಎಂದು ಪಾದ್ರಿ ನೆನಪಿಸಿದ ಮೇಲೆ ಅದು ಸೋಮವಾರವಾಯಿತು.

ನೆಲದೊಲೆ ತೆರೆದ ಘಮ ಒಳಗೆ ಬರುವ ಹೊತ್ತಿಗೆ ಸೈರುಸಿ ಜನರ ನಡುವೆ ಮೊಣಕಾಲಲ್ಲಿ ಸರಿದು ಅವಳ ಎದುರು ಬಂದು ಕೂತಿದ್ದ.

“ಬೀಜ ತಂದಿದ್ದೀಯೋ, ಬರೀ ತಕ್ಕಡಿ ಹೊತ್ಕೊಂಡು ಬಂದಿದ್ದೀಯೋ?”

ಅವಳು ಚೀಲದ ತಳದಿಂದ ಬಳ್ಳಿಯ ಬೀಜದ ಗಂಟು ತೆಗೆದು ಬಿಚ್ಚಿದಳು. ಅವನು ಬೊಗಸೆ ಒಡ್ಡಿದ. ಬೊಗಸೆ ತುಂಬಿ ಬೀಜ ಚಾಪೆಯ ಮೇಲೆ ಉದುರತೊಡಗಿದರೂ ಅವನು ಕೈ ಹಿಂದೆಗೆಯಲಿಲ್ಲ.

“ಹಾಕೇ, ಇನ್ನೂ ಹಾಕು,” ಅಂದ. “ನನ್ನ ಹೊಲ ಇಷ್ಟೇ ಅಂದ್ಕೊಂಡ್ಯಾ?”