ಒಬ್ಬರಿಗಾಗುವ ಮಡಕೆ

ತೆರುಹಿಸಾ ಮೂರು ದಿನದ ಪ್ರವಾಸದ ವೇಳಾಪಟ್ಟಿಯನ್ನು ಏಳನೆಯ ಸಲ ಬರೆಯುತ್ತಿದ್ದ. ಮೊದಲ ದಿನ ಕ್ಯೋಟೋ, ಎರಡನೆಯ ದಿನ ಬೆಳಿಗ್ಗೆ ಬುಲೆಟ್ ರೈಲು ಹಿಡಿದು ಟೋಕಿಯೋ, ಮೂರನೆಯ ದಿನ ವಾಪಸ್ ತಮ್ಮೂರು ಯೊನಾಗೋ. ಇಷ್ಟಕ್ಕೆ ಏಳು ಸಲ ಬರೆಯಬೇಕೇ ಎಂದು ಅವನನ್ನು ಕೇಳುವಂತಿಲ್ಲ. ನಲವತ್ತೊಂದು ವರ್ಷ ರೈಲ್ವೆ ಸ್ಟೇಷನ್ನಿನಲ್ಲಿ ದುಡಿದ ಪುಣ್ಯಾತ್ಮ! ಹೊಸ ವರ್ಷವಿರಲಿ, ಚೆರ್ರಿ ಹೂವಿನ ಕಾಲವಿರಲಿ, ಊರವರನ್ನೆಲ್ಲ ಬಾವುಟ ಬೀಸಿ ಕಳಿಸಿಕೊಟ್ಟವನು ಕಟ್ಟಿಕೊಂಡ ಹೆಂಡತಿಯನ್ನು ಮಾತ್ರ ಒಂದು ಸಲವೂ ಕ್ಯೋಟೋ ತನಕ ಕರೆದುಕೊಂಡು ಹೋಗಿರಲಿಲ್ಲ. ರಜೆಯೆಂದರೆ ಊರಿಗೆ ರಜೆ, ಅವನಿಗೆ ಡ್ಯೂಟಿ.

ಈಗ ಅವಸರ ಬಂದಿತ್ತು. ಮಾರ್ಚ್ ಹದಿನೆಂಟಕ್ಕೆ ಹೆಂಡತಿ ಕಿನುಯೆಯ ಹೃದಯದ ಆಪರೇಷನ್. ಅದಕ್ಕೆ ಮುಂಚೆ ಎಲ್ಲಾದರೂ ಹೋಗಿ ಬರಬಹುದೇ ಎಂದು ಕೇಳಿದ್ದಕ್ಕೆ ಡಾಕ್ಟರು, ಹೋಗಿ ಬನ್ನಿ, ಓಡಬೇಡಿ, ಭಾರ ಎತ್ತಬೇಡಿ, ಅಷ್ಟೇ ಎಂದಿದ್ದರು. ನೂರಕ್ಕೆ ತೊಂಬತ್ತಾರು ಜನ ಆರಾಮಾಗಿ ಮನೆಗೆ ಹೋಗುತ್ತಾರೆ ಎಂದೂ ಹೇಳಿದ್ದರು. ತೆರುಹಿಸಾ ಆ ತೊಂಬತ್ತಾರನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಉಳಿದ ನಾಲ್ಕರ ಬಗ್ಗೆ ಕಿನುಯೆ ಏನೆಂದುಕೊಂಡಿದ್ದಾಳೆಂದು ಅವನು ಕೇಳಿರಲಿಲ್ಲ. ಕೇಳಲು ಧೈರ್ಯವೂ ಇರಲಿಲ್ಲ.

ಫೆಬ್ರವರಿಯ ಚಳಿ. ಇಬ್ಬರೂ ಕೊತಾತ್ಸು ಮೇಜಿನ ಬೆಚ್ಚನೆಯ ಕಂಬಳಿಯೊಳಗೆ ಕಾಲು ತೂರಿಸಿ ಎದುರುಬದುರು ಕೂತಿದ್ದರು. ಕಿನುಯೆ ಕಿತ್ತಳೆ ಸುಲಿಯುತ್ತಿದ್ದಳು.

"ಒಕಾಯಾಮಾದಲ್ಲಿ ರೈಲು ಬದಲಿಸೋಕೆ ಇಪ್ಪತ್ತಾರು ನಿಮಿಷ ಇಟ್ಟಿದ್ದೀನಿ ನೋಡು. ಎಂಟು ನಿಮಿಷದಲ್ಲೇ ಇನ್ನೊಂದಿತ್ತು, ಬಿಟ್ಟುಬಿಟ್ಟೆ," ಎಂದ ತೆರುಹಿಸಾ, ಯಾವುದೋ ಆಸ್ತಿಯನ್ನೇ ಬಿಟ್ಟುಕೊಟ್ಟವನ ದನಿಯಲ್ಲಿ.

"ಅಯ್ಯೋ, ಎಂಥಾ ತ್ಯಾಗ ರೀ! ಕ್ಯೋಟೋದಲ್ಲಿ ಅಂಗಡಿ ಬೀದಿಗೆ ಎಷ್ಟು ಇಟ್ಟಿದ್ದೀರಿ?"

"ಅಂಗಡಿ ಬೀದಿ ಯಾಕೆ? ಸ್ಟೇಷನ್ನಲ್ಲೇ ಎಲ್ಲಾ ಸಿಗತ್ತೆ. ಹನ್ನೊಂದು ನಿಮಿಷ ಕೊಟ್ಟಿದ್ದೀನಿ."

"ನನಗೆ ಎರಡು ಗಂಟೆ ಬೇಕು ಅಂತ ಮೊನ್ನೆಯಿಂದ ಬಡ್ಕೊಳ್ತಾ ಇದ್ದೀನಿ."

"ಅಕ್ಕಪಕ್ಕದೋರಿಗೆ ತಿಂಡಿ ಡಬ್ಬ ತರೋಕೆ ಎರಡು ಗಂಟೆನಾ? ಹೋಗೋದು ನಾವು ನೋಡೋಕೆ ಕಣೇ, ಹೊತ್ಕೊಂಡು ಬರೋಕಲ್ಲ."

"ಹೋಗಿ ಬಂದೋರು ಇದ್ದೋರಿಗೆ ಏನಾದ್ರೂ ತರಬೇಡ್ವಾ? ಬರಿಗೈಲಿ ಬಂದು ಅವರ ಮುಖ ಹೇಗ್ರೀ ನೋಡೋದು?"

"ಸಂಪ್ರದಾಯ ನನಗೆ ಕಲಿಸ್ಬೇಡ. ಹನ್ನೊಂದು ನಿಮಿಷ ಸಾಕು."

ಕಿನುಯೆ ಸುಲಿದ ಕಿತ್ತಳೆಯನ್ನು ಅವನ ಮುಂದಿಟ್ಟು, ಯಾರಿಗೆ ಏನು ತರಬೇಕೆಂದು ಬರೆದಿಟ್ಟ ತನ್ನ ಚೀಟಿಯನ್ನು ಮೇಜಿನ ಮೇಲೆಯೇ ಬಿಟ್ಟು, ಒಣಗಿದ ಬಟ್ಟೆ ತರುತ್ತೇನೆಂದು ಎದ್ದು ಹೋದಳು. ಅವಳು ಜಗಳವಾಡಿದರೆ ಅವನಿಗೆ ಸಲೀಸು. ಹೀಗೆ ಎದ್ದು ಹೋದರೆ ಕಷ್ಟ. ಹಾಳಾಗಿ ಹೋಗಲಿ, ಇನ್ನೊಂದು ಹತ್ತು ನಿಮಿಷ ಹೊಂದಿಸೋಣ ಎಂದುಕೊಂಡು ಚೀಟಿಯನ್ನು ಎಳೆದುಕೊಂಡ.

ಪಕ್ಕದ ಮನೆಯ ಹಮಾಸಾಕಿ ಅಜ್ಜಿಗೆ ಮೆತ್ತನೆಯ ಉಪ್ಪಿನಕಾಯಿ, ಅವರಿಗೆ ಹಲ್ಲಿಲ್ಲ. ಅಕ್ಕಿ ಅಂಗಡಿಯವನಿಗೆ ಏಳು ಬಗೆಯ ಖಾರದ ಪುಡಿ. ತಲೆಗೂದಲು ಕತ್ತರಿಸುವ ಹುಡುಗಿಗೆ ಬಾಚಣಿಗೆ. ಆಸ್ಪತ್ರೆಯ ನರ್ಸುಗಳಿಗೆ ಟೋಕಿಯೋದ ಕೇಕು, ದೊಡ್ಡ ಡಬ್ಬ, ಹದಿನೆಂಟಕ್ಕೆ ಮುಂಚೆ ಕೊಡಬೇಕು. ಮೂವತ್ತು ವರ್ಷದ ಹಿಂದೆ ಜಗಳವಾಡಿ ಮಾತು ಬಿಟ್ಟ ಗೆಳತಿ ನೊಬುಯೊಗೂ ಒಂದು ಬೀಸಣಿಗೆ. ಇವಳಿಗೆ ನೊಬುಯೊ ಇನ್ನೂ ನೆನಪಿದ್ದಾಳೆಯೇ ಎಂದು ಅವನಿಗೆ ಆಶ್ಚರ್ಯವಾಯಿತು. ಇಪ್ಪತ್ತೆರಡು ಹೆಸರು. ಕೊನೆಯ ಹೆಸರು ಅವನದೇ.

ಅವನಿಗೆ ನಗು ಬಂತು. ಜೊತೆಯಲ್ಲೇ ಹೋಗುವವನಿಗೆ ಊರಿಂದ ಉಡುಗೊರೆ ತರುತ್ತಾರೇನು? ಅದು ಹಿಂದೆ ಉಳಿದವರಿಗಲ್ಲವೇ? ಲೋಕದಲ್ಲಿಲ್ಲದ ಸಂಪ್ರದಾಯ ಹುಟ್ಟಿಸಿದ್ದಾಳಲ್ಲ ಎಂದುಕೊಂಡು ಹೆಸರಿನ ಮುಂದೆ ಬರೆದದ್ದನ್ನು ಓದಿದ.

'ಅನ್ನ ಮಾಡುವ ಮಣ್ಣಿನ ಮಡಕೆ. ಚಿಕ್ಕದು. ಒಬ್ಬರಿಗಾಗುವಷ್ಟು.'

ನಗು ಅಲ್ಲೇ ನಿಂತಿತು. ಅವನು ಆ ಸಾಲನ್ನು ಮತ್ತೊಮ್ಮೆ ಓದಿದ. ಆ ಉಳಿದ ನಾಲ್ಕರ ಬಗ್ಗೆ ಅವನು ಕೇಳಿರಲಿಲ್ಲ, ಅವಳ ಉತ್ತರ ಇಲ್ಲಿತ್ತು.

ಕಿನುಯೆ ಬಟ್ಟೆಯ ಬುಟ್ಟಿಯೊಂದಿಗೆ ಒಳಗೆ ಬಂದಳು. ಭಾರ ಎತ್ತಬೇಡ ಅಂದಿಲ್ವಾ ಎಂದು ಅವನು ಹಾರಿ ಎದ್ದು ಬುಟ್ಟಿ ಕಸಿದುಕೊಂಡ. ಆಮೇಲೆ ಚೀಟಿಯನ್ನು ತೋರಿಸಿದ.

"ಇದೇನು?"

ಅವಳು ಮುಚ್ಚಿಡಲು ಹೋಗಲಿಲ್ಲ. "ನಿಮಗೆ ನಮ್ಮ ಕುಕ್ಕರ್‌ನಲ್ಲಿ ಒಬ್ಬರಿಗೆ ಅಂತ ಅನ್ನ ಮಾಡೋಕೆ ಬರಲ್ಲ ರೀ. ಅದು ದೊಡ್ಡದು, ಒಣಗಿಹೋಗತ್ತೆ. ದಿನಾ ಅಂಗಡಿ ಊಟ ತಂದು ತಿಂತೀರಿ, ನನಗೆ ಗೊತ್ತು. ಮಡಕೆ ಒಳ್ಳೇದು ಸಿಗಬೇಕಾದ್ರೆ ಹುಡುಕ್ಬೇಕು. ಅದಕ್ಕೇ ಎರಡು ಗಂಟೆ ಕೇಳಿದ್ದು."

"ಬಾಯಿ ಮುಚ್ಚು."

"ಮುಚ್ಚಿದ್ರೆ ಆಗತ್ತಾ? ನನಗೆ ಸಾಯೋಕೆ ಅಷ್ಟೇನು ಭಯ ಇಲ್ಲ ರೀ. ನೀವು ಈ ಮೇಜಿನ ಮುಂದೆ ತಣ್ಣಗಿನ ಊಟ ಇಟ್ಕೊಂಡು ಒಬ್ರೇ ಕೂತಿರೋದು ಕಣ್ಣಿಗೆ ಕಟ್ಟತ್ತೆ. ಅದು ಮಾತ್ರ ತಡ್ಕೊಳ್ಳೋಕಾಗಲ್ಲ."

ತೆರುಹಿಸಾ ಬುಟ್ಟಿಯನ್ನು ಕೆಳಗಿಟ್ಟ. ನಲವತ್ತೊಂದು ವರ್ಷ ಇವಳನ್ನು ಮನೆಯಲ್ಲಿ ಬಿಟ್ಟು ಹೋಗಿದ್ದು ತಾನು. ಹಿಂದೆ ಉಳಿಯುವುದು ಎಂದರೇನೆಂದು ಇವಳಿಗೆ ಚೆನ್ನಾಗಿ ಗೊತ್ತು, ಅದಕ್ಕೇ ತನಗಾಗಿ ಹೆದರುತ್ತಿದ್ದಾಳೆ. ಈ ಮಾತು ಹೊಳೆದಾಗ ಅವನಿಗೆ ನಾಚಿಕೆಯೂ ಆಯಿತು, ಅವಳ ಮೇಲೆ ಹೇಳಲಾರದಷ್ಟು ಪ್ರೀತಿಯೂ ಬಂತು.

ಅವನು ಕೂತು, ಏಳನೆಯ ಸಲ ಬರೆದ ಕಾಗದವನ್ನು ಹತ್ತಿರಕ್ಕೆಳೆದುಕೊಂಡ. ಹನ್ನೊಂದು ನಿಮಿಷಕ್ಕೆ ಗೀಟೆಳೆದ. ಅದರ ಮೇಲೆ, 'ಬೆಳಿಗ್ಗೆಯೆಲ್ಲ ಮಡಕೆ ಅಂಗಡಿ' ಎಂದು ಬರೆದ.

"ಅಲ್ರೀ, ಹಾಗಾದ್ರೆ ಟೋಕಿಯೋ ರೈಲು ತಪ್ಪತ್ತೆ!"

"ತಪ್ಪಲಿ."

ಕಿನುಯೆ ಕಂಬಳಿಯೊಳಗೆ ಕಾಲು ತೂರಿಸಿ ಕೂತು, ಅವನ ಮುಖವನ್ನೇ ನೋಡಿದಳು. ಈ ಬಾಯಿಂದ ಈ ಮಾತನ್ನು ಅವಳು ಮದುವೆಯಾದಂದಿನಿಂದ ಕೇಳಿರಲಿಲ್ಲ.

ಆಮೇಲೆ ಅವನು ಚೀಟಿಯನ್ನು ತೆಗೆದುಕೊಂಡು, 'ಒಬ್ಬರಿಗಾಗುವಷ್ಟು' ಎಂದಿದ್ದುದನ್ನು ಹೊಡೆದುಹಾಕಿ 'ಇಬ್ಬರಿಗಾಗುವಷ್ಟು' ಎಂದು ತಿದ್ದಿದ.

"ಇಬ್ಬರದ್ದು ಭಾರ ಇರತ್ತೆ," ಎಂದಳು ಕಿನುಯೆ ಮೆಲ್ಲಗೆ.

"ಹೊರೋನು ನಾನು ತಾನೇ? ಅದರಲ್ಲಿ ಅನ್ನ ಮಾಡೋದು ಮಾತ್ರ ನೀನೇ ಕಲಿಸ್ಬೇಕು."

"ಅದೇನು ಮಹಾ ವಿದ್ಯೆ! ಅಕ್ಕಿ ನೆನೆಸಿಟ್ಟು, ಹದಿಮೂರು ನಿಮಿಷ ಉರಿ ಕೊಟ್ರೆ ಆಯ್ತು. ಒಂದೇ ದಿನಕ್ಕೆ ಕಲೀಬಹುದು."

"ನನ್ನಂಥ ದಡ್ಡನಿಗೆ ಆಗಲ್ಲ ಕಣೇ."

"ಮತ್ತೆಷ್ಟು ದಿನ ಬೇಕು ನಿಮಗೆ?"

"ಇಪ್ಪತ್ತು ವರ್ಷ," ಎಂದ ತೆರುಹಿಸಾ. "ಒಂದು ನಿಮಿಷ ಕಮ್ಮಿ ಆದ್ರೂ ನಾನು ಒಪ್ಪಲ್ಲ."

ಕಿನುಯೆ ನಗಲು ಹೋಗಿ ಅತ್ತುಬಿಟ್ಟಳು. ಅವನು ಕಂಬಳಿಯೊಳಗೆ ಕೈ ಹಾಕಿ ಅವಳ ತಣ್ಣಗಿದ್ದ ಪಾದಗಳನ್ನು ಹಿಡಿದುಕೊಂಡು ಕೂತ.