ಚಂದ್ರನ ಬೆನ್ನಿನ ತಗ್ಗು

ಚಂದ್ರನಿಗೆ ಎಳವೆಯಲ್ಲಿ ಬಿದ್ದ ಅತಿ ದೊಡ್ಡ ಏಟನ್ನು ಭಾವ ಒಂದೇ ಮಧ್ಯಾಹ್ನದಲ್ಲಿ ಮುಚ್ಚಿಹಾಕಿದ. ಕೇಡು ಬಗೆದು ಮಾಡಿದ್ದಲ್ಲ, ಹೆದರಿ ಮಾಡಿದ್ದು.

ಮಾದರಿಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಅವನು ಪ್ಲಾಸ್ಟರ್ ಕೆಲಸಗಾರ. ಮಾಲೀಕ ಅವನ ಹೆಂಡತಿಯ ತಮ್ಮ. ಮಾಲೀಕ ಭಾವ ಎನ್ನುತ್ತಾನೆಂದು ಬಣ್ಣ ಬಳಿಯುವವನೂ ಭಾವ ಎಂದ, ಲಾರಿಯವನೂ ಭಾವ ಎಂದ. ಈಗ ಬೀದಿಗೆ ಬೀದಿಯೇ ಅವನಿಗೆ ಬಾಮೈದ. ಈ ಸಲ ಬಂದ ಕೆಲಸ ವಿಜ್ಞಾನ ಕೇಂದ್ರದ ಚಂದ್ರ. ಎದೆಯೆತ್ತರದ ಗೋಳ, ಬಂದವರೆಲ್ಲ ಮುಟ್ಟಿ ನೋಡುವಂಥದ್ದು. ಉಪಗ್ರಹಗಳು ಅಳೆದ ಏರುತಗ್ಗುಗಳನ್ನು ಎದ್ದು ಕಾಣುವಂತೆ ಹಿಗ್ಗಿಸಿ ಯಂತ್ರ ಥರ್ಮೋಕೋಲಿನಲ್ಲಿ ಕೊರೆದು ಕೊಡುತ್ತದೆ. ಅದರ ಮೇಲೆ ಪ್ಲಾಸ್ಟರಿನ ತೆಳುವಾದ ಪದರ ಎಳೆದು, ಪಾಲಿಶ್ ಪೇಪರಿನಿಂದ ಉಜ್ಜಿ ನಯ ಮಾಡುವುದು ಭಾವನ ಪಾಲು.

ಆ ಕೆಲಸಕ್ಕೆ ಅವನ ಕೈ ಪಳಗಿದ್ದು ಇಂದು ನಿನ್ನೆಯಲ್ಲ. ಆದರೆ ಕಣ್ಣು ಕೈಕೊಟ್ಟಿತ್ತು. ಎಲ್ಲಿ ನೋಡಿದರೆ ಅಲ್ಲೇ ಮಬ್ಬು, ಸುತ್ತಲಿನದು ಮಾತ್ರ ಕಾಣುತ್ತಿತ್ತು. ಹೋದ ದೃಷ್ಟಿ ಮರಳಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ ಎಂದಿದ್ದರು ಡಾಕ್ಟರು. ಇದನ್ನು ಭಾವ ಹೆಂಡತಿಗೂ ಹೇಳಿರಲಿಲ್ಲ. ಹೇಳಿದರೆ ಸಂಜೆಯೊಳಗೆ ತಮ್ಮನ ಕಿವಿಗೆ ಬೀಳುತ್ತದೆ. ಅವನು ಬಹಳ ಮರ್ಯಾದೆಯಿಂದ, “ಇನ್ನು ಮನೇಲಿ ಆರಾಮಾಗಿರಿ ಭಾವ” ಎನ್ನುತ್ತಾನೆ. ಆ ಆರಾಮನ್ನು ನೆನೆದರೇ ಭಾವನಿಗೆ ಊಟ ಸೇರುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಗೋಳದ ಹಿಂಬದಿಯನ್ನು ಉಜ್ಜಿ ಮುಗಿಸಿ ಅಂಗೈ ಆಡಿಸಿದ. ಅಂಗೈ ಕೆಳಗಿಳಿಯುತ್ತಿತ್ತು. ಬೆರಳಿಗೆ ಸಿಗುವ ಸಣ್ಣ ಗುಳಿಯಲ್ಲ; ತಳದಿಂದ ನಡುವಿನವರೆಗೂ ಹರಡಿದ ತಗ್ಗು, ಎಲ್ಲಿ ಶುರುವಾಯಿತೆಂದೇ ತಿಳಿಯದಷ್ಟು ನಿಧಾನದ ಇಳಿಜಾರು. ಕಾಣದ ಕಣ್ಣಿನಲ್ಲಿ ಒಂದೇ ಕಡೆ ಉಜ್ಜಿ ಉಜ್ಜಿ ಸವೆಸಿಬಿಟ್ಟೆ ಎಂದುಕೊಂಡ. ಪಕ್ಕದವರನ್ನು ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ “ಯಾಕೆ ಭಾವ, ಕಾಣಲ್ವಾ?” ಎಂದುಬಿಟ್ಟರೆ? ಪುಣ್ಯಾತ್ಮ ಪ್ಲಾಸ್ಟರ್ ಕಲಸಿದ, ತಗ್ಗನ್ನು ತುಂಬಿದ, ಸಮ ಮಾಡಿದ. ಅದರೊಳಗಿದ್ದ ಚಿಕ್ಕಪುಟ್ಟ ಗುಳಿಗಳನ್ನು ಬೆರಳಿನ ನೆನಪಿನಿಂದಲೇ ಮತ್ತೆ ಒತ್ತಿ ಕೂರಿಸಿದ. ಮಾಲೀಕ ಗೋಳಕ್ಕೆ ಎರಡು ಸುತ್ತು ಹಾಕಿ, “ಭಾವನ ಕೈಗೆ ಚಿನ್ನದ ಕಡಗ ಹಾಕ್ಬೇಕು” ಎಂದು ಹೊಗಳಿ ಹೋದ.

ಬಣ್ಣ ಬಳಿಯುವ ಮೊದಲು ಪರೀಕ್ಷಿಸಲು ವಿಜ್ಞಾನ ಕೇಂದ್ರದ ಭೂವಿಜ್ಞಾನಿ ಬಂದಳು. ಚಂದ್ರನ ಕಲ್ಲುಗಳನ್ನೇ ಓದುತ್ತ ತಲೆ ನರೆಸಿಕೊಂಡ ಹೆಂಗಸು. ಚೀಲದಿಂದ, ಗೋಳದ ದುಂಡಿಗೆ ತಕ್ಕಂತೆ ಬಾಗಿದ ಪಟ್ಟಿಯೊಂದನ್ನು ತೆಗೆದು ಗೋಳದ ಬೆನ್ನಿಗೆ ಒತ್ತಿದಳು. ಪಟ್ಟಿ ಎಲ್ಲೂ ಸಂದು ಬಿಡದೆ ಕೂತಿತು.

“ಇಲ್ಲಿದ್ದ ಗುಳಿ ಏನಾಯ್ತು?” ಎಂದು ಕೇಳಿದಳು.

“ಗುಳಿಗೇನು ಬರ ಮೇಡಂ, ಮೈಯೆಲ್ಲಾ ಅದೇ ಇದೆಯಲ್ಲ,” ಎಂದ ಮಾಲೀಕ.

“ಅವೆಲ್ಲ ಇದರ ಮೊಮ್ಮಕ್ಕಳು. ಚಂದ್ರ ಎಳೇದಾಗಿದ್ದಾಗ ಭಾರಿ ಬಂಡೆಯೊಂದು ಬಂದು ಇಲ್ಲಿ ಅಪ್ಪಳಿಸ್ತು. ಮೇಲಿನ ತೊಗಟೆ ಕಿತ್ತು ಎಲ್ಲೆಲ್ಲೋ ಹೋಗಿ ಬಿತ್ತು. ಆಳದಲ್ಲಿದ್ದ ಕಲ್ಲು ಮೇಲೆ ಬಂದಿದೆ ಅಂತ ನಮ್ಮ ಲೆಕ್ಕ. ಒಳಗೇನಿದೆ ಅಂತ ತಿಳೀಬೇಕಾದ್ರೆ ಅಲ್ಲಿಗೇ ಹೋಗಿ ಹುಡುಕ್ಬೇಕು. ಅದೇ ಇಲ್ಲದ ಚಂದ್ರನ್ನ ನಾನು ಜನಕ್ಕೆ ಹೇಗೆ ಕೊಡ್ಲಿ?”

ಮಾಲೀಕ ಗೋಳ ಕೊರೆದುಕೊಟ್ಟ ಯಂತ್ರದವರನ್ನು ತರಾಟೆಗೆ ತೆಗೆದುಕೊಳ್ಳಲು ಫೋನ್ ಎತ್ತಿದ. ಸುಮ್ಮನಿದ್ದರೆ ತಪ್ಪು ಅವರ ತಲೆಗೆ ಹೋಗುತ್ತಿತ್ತು. ಸುಮ್ಮನಿರಲು ಭಾವ ನಿಜವಾಗಿಯೂ ಪ್ರಯತ್ನಪಟ್ಟ. ಆಗಲಿಲ್ಲ.

“ಫೋನ್ ಇಡು. ತುಂಬಿದ್ದು ನಾನೇ. ಉಜ್ಜಿ ಸವೆಸ್ಬಿಟ್ಟೆ ಅಂದ್ಕೊಂಡೆ. ನನಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ ಕಣೋ.”

ಹೇಳಿದವನೇ ಅಲ್ಲೇ ಪ್ಲಾಸ್ಟರ್ ಚೀಲದ ಮೇಲೆ ಕುಳಿತ. ಮಾಲೀಕನ ಮುಖ ನೋಡಲು ಹೋದರೆ ಅಲ್ಲೂ ಮಬ್ಬು.

“ಅಕ್ಕಂಗೆ ಗೊತ್ತಾ?” ಎಂದ ಮಾಲೀಕ.

“ಇಲ್ಲ.”

“ಚೆನ್ನಾಗಿದೆ ನಿಮ್ಮ ಕತೆ. ಇಷ್ಟು ದಿನ ಒಬ್ಬರೇ ನುಂಗ್ಕೊಂಡು ಕೂತಿದ್ರಾ? ಸಾಕು ಭಾವ, ಇನ್ನು ಮನೇಲಿ…”

“ಸ್ವಲ್ಪ ತಡೀರಿ,” ಎಂದಳು ಭೂವಿಜ್ಞಾನಿ. “ಯಂತ್ರದಿಂದ ಬಂದಾಗ ಈ ಗೋಳವನ್ನ ನೀವೂ ನೋಡಿದ್ರಲ್ಲ, ತಗ್ಗು ಕಾಣಿಸ್ತಾ?”

ಮಾಲೀಕ ತಲೆ ಕೆರೆದುಕೊಂಡ. “ಇಲ್ಲ ಮೇಡಂ.”

“ನನಗೂ ಕಾಣ್ತಿರಲಿಲ್ಲ. ಅಷ್ಟು ಅಗಲ ಅದು. ನಾವು ನೋಡಿರೋದು ಎತ್ತರಕ್ಕೊಂದು ಬಣ್ಣ ಕೊಟ್ಟ ನಕ್ಷೆಯಲ್ಲಿ ಮಾತ್ರ.” ಅವಳು ಭಾವನ ಕಡೆ ತಿರುಗಿದಳು. “ತುಂಬಿದ್ದನ್ನ ತೆಗೆಯೋಕಾಗುತ್ತಾ?”

“ಎಲ್ಲಿಂದ ಎಲ್ಲಿಗೆ ಅಂತ ಅಂಗೈಗೆ ನೆನಪಿದೆ,” ಎಂದ ಭಾವ.

ಮಾಲೀಕ ಬೇಡವೆನ್ನಲು ಬಾಯಿ ತೆರೆದ, ಆದರೆ ಭಾವ ಆಗಲೇ ಎದ್ದಿದ್ದ. ಹೊಸ ಪ್ಲಾಸ್ಟರ್ ಮೆತ್ತಗೆ ಉದುರುತ್ತಿತ್ತು; ಹಳೆಯ ಪದರ ಸಿಕ್ಕಲ್ಲಿ ಚೂರಿ ಜಾರುತ್ತಿತ್ತು. ಕಣ್ಣು ಮುಚ್ಚಿಯೇ ಕೆರೆದ. ಯಾರಿಂದಲೂ ಏನನ್ನೂ ಬಚ್ಚಿಡಬೇಕಾಗಿಲ್ಲದೆ ಕೆಲಸ ಮಾಡುವುದು ಇಷ್ಟು ಹಗುರವೆಂಬುದು ಅವನಿಗೆ ಮರೆತೇಹೋಗಿತ್ತು. ಕೆಲಸ ಮುಗಿದಾಗ ಮೈಯೆಲ್ಲ ಬಿಳಿ ಧೂಳು. ಪಟ್ಟಿ ಇಟ್ಟು ನೋಡಿದರೆ ಈಗ ಅದರ ಕೆಳಗೆ ಧಾರಾಳವಾಗಿ ಬೆರಳು ತೂರುತ್ತಿತ್ತು.

ಭೂವಿಜ್ಞಾನಿ ಪಟ್ಟಿಯನ್ನು ಬದಿಗಿಟ್ಟು ಎರಡೂ ಅಂಗೈಗಳನ್ನು ತಗ್ಗಿನ ಮೇಲೆ ಆಡಿಸಿದಳು.

“ಇದರ ಬಗ್ಗೆ ಅರ್ಧ ಆಯಸ್ಸು ಬರೆದಿದ್ದೀನಿ,” ಎಂದಳು ಕೊನೆಗೆ. “ಇಷ್ಟು ದೊಡ್ಡದು ಅಂತ ಇವತ್ತು ಗೊತ್ತಾಯ್ತು.”

ಮಾಲೀಕನೂ ಬಂದು ಕೈಯಿಟ್ಟ. ಒಂದು ಸಲ ಆಡಿಸಿದ, ನಂಬಿಕೆಯಾಗದೆ ಮತ್ತೊಂದು ಸಲ ಆಡಿಸಿದ. ಆಮೇಲೆ ಭಾವನ ಹೆಗಲ ಮೇಲಿನ ಧೂಳನ್ನು ಕೊಡವತೊಡಗಿದ, ಅಗತ್ಯಕ್ಕಿಂತ ಸ್ವಲ್ಪ ಜೋರಾಗಿಯೇ.

“ಮುಂದಿನ ತಿಂಗಳು ಬುಧ ಗ್ರಹ ಬರುತ್ತೆ ಭಾವ. ಅದರ ಮೈಯೂ ಹೀಗೇ ಏಟು ತಿಂದಿದೆಯಂತೆ. ಕೆಲಸ ನಿಮ್ದೇ. ಆದ್ರೆ ಏನಾದ್ರೂ ತುಂಬೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳಿ.”

“ಕೇಳ್ತೀನಿ,” ಎಂದ ಭಾವ.