ಸೋದರಮಾವನ ಸಹಿ

ಮೂವತ್ತಾರು! ಒಂದಲ್ಲ, ಎರಡಲ್ಲ. ಸುವಾ ನಗರದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಜೆರಾಕ್ಸ್ ಯಂತ್ರದ ಪಕ್ಕದಲ್ಲಿ, ಒಂದೇ ಪುಸ್ತಕದ ಮೂವತ್ತಾರು ನಕಲುಗಳನ್ನು ನೀಟಾಗಿ ಬೈಂಡ್ ಮಾಡಿಸಿ ಪೇರಿಸಿದ್ದನ್ನು ಕಂಡು ಲೊಸಾಲಿನಿಗೆ ಮೈಯೆಲ್ಲ ಉರಿದುಹೋಯಿತು. ಯಂತ್ರದ ನೆತ್ತಿಯ ಮೇಲೇ ಆಕೆ ಕೈಯಾರೆ ಅಂಟಿಸಿದ ಸೂಚನೆಯಿತ್ತು: ಒಂದು ಅಧ್ಯಾಯಕ್ಕಿಂತ ಹೆಚ್ಚು ನಕಲು ಮಾಡಬೇಕಾದರೆ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು. ಹಕ್ಕುಸ್ವಾಮ್ಯದ ಅಧಿಕಾರಿಯಾಗಿ ಹದಿನೈದು ವರ್ಷ ಇದೊಂದೇ ಮಾತನ್ನು ಹೇಳಿ ಹೇಳಿ ಆಕೆಯ ಗಂಟಲು ಒಣಗಿತ್ತು.

"ಯಾರಪ್ಪಾ ಈ ಘನಂದಾರಿ ಕೆಲಸ ಮಾಡಿದೋರು?"

"ನಾನೇ ಅಕ್ಕ," ಎಂದ ಪೆನಾಯಾ. ಮೀನುಗಾರಿಕೆಯ ಪಾಠ ಹೇಳುವ ಮೇಷ್ಟ್ರು. ನಾಚಿಕೆಯಿಲ್ಲದೆ ಹಲ್ಲು ಕಿರಿಯುತ್ತಿದ್ದ. "ಒಪ್ಪಿಗೆ ತಗೊಂಡೇ ಮಾಡಿದೀನಿ."

"ಕಾಗದ ಎಲ್ಲಿ?"

"ಕಾಗದ ಯಾಕೆ? ಓವಲಾವು ದ್ವೀಪಕ್ಕೆ ಹೋಗಿ, ಪುಸ್ತಕ ಬರೆದ ಇಲಿಕೇನಾ ಮೇಷ್ಟ್ರ ಮುಂದೆ, ನಮ್ಮ ಪದ್ಧತಿ ಪ್ರಕಾರ, ಯಂಗೋನ ಬೇರಿನ ಕಟ್ಟು ಇಟ್ಟು ಕೇಳ್ಕೊಂಡೆ. ಅವರು ಒಪ್ಪಿ, ಚಪ್ಪಾಳೆ ತಟ್ಟಿ ತಗೊಂಡ್ರು. ಅರೆದು ಕುಡಿದೂ ಆಯ್ತು. ಇಡೀ ಊರೇ ನೋಡಿದೆ."

"ಆ ಚಪ್ಪಾಳೇನ ಕಡತದಲ್ಲಿ ಹೇಗಯ್ಯಾ ಅಂಟಿಸ್ಲಿ?"

ಮೂವತ್ತಾರನ್ನೂ ಎತ್ತಿ ಬೀರುವಿಗೆ ತುಂಬಿ ಬೀಗ ಜಡಿದಳು. ಆಗ ಪೆನಾಯಾನ ನಗು ಇಳಿಯಿತು.

"ಅಕ್ಕ, ಮುಂದಿನ ಶುಕ್ರವಾರ ಪರೀಕ್ಷೆ. ಮಕ್ಕಳು ಏನು ಓದ್ಬೇಕು?"

ಅದು ನಿಜವೇ. ಯಾವ ತಿಂಗಳಲ್ಲಿ ಯಾವ ಮೀನು ಯಾವ ಬಂಡೆಸಾಲಿಗೆ ಬರುತ್ತದೆ ಎಂದು ಬರೆದಿಟ್ಟಿರುವುದು ಅದೊಂದೇ ಪುಸ್ತಕ. ಗ್ರಂಥಾಲಯದಲ್ಲಿ ಇರುವುದೂ ಒಂದೇ ಪ್ರತಿ, ಅದೂ ಬೆನ್ನು ಕಿತ್ತುಹೋಗಿದ್ದು. ಲೊಸಾಲಿನಿ ಗೊಣಗುತ್ತಲೇ ಪ್ರಕಾಶಕರ ಜೊತೆ ಆಗಿದ್ದ ಹಳೆಯ ಒಪ್ಪಂದವನ್ನು ಹುಡುಕಿ ತೆಗೆದಳು. ಹತ್ತು ವರ್ಷ ಮರುಮುದ್ರಣವಾಗದಿದ್ದರೆ ಹಕ್ಕು ಲೇಖಕರಿಗೇ ವಾಪಸು ಎಂದಿತ್ತು. ಪುಸ್ತಕ ಅಚ್ಚಾಗಿ ಇಪ್ಪತ್ತು ವರ್ಷ ದಾಟಿತ್ತು, ಮರುಮುದ್ರಣ ಆಗಿರಲೇ ಇಲ್ಲ.

"ಬದುಕಿಕೊಂಡೆ ನೀನು. ಹೋಗಿ ಅವರದೊಂದು ಸಹಿ ಹಾಕಿಸ್ಕೊಂಡು ಬಾ."

"ಅಯ್ಯೋ, ನನ್ನಿಂದಾಗಲ್ಲ! ಬೇರು ತಗೊಂಡು ಮಾತು ಕೊಟ್ಟೋರ ಹತ್ರ ಕಾಗದ ಕೇಳಿದ್ರೆ, ನಿಮ್ಮ ಮಾತು ನಂಬಲ್ಲ ಅಂತ ಮುಖಕ್ಕೆ ಹೇಳಿದ ಹಾಗೆ. ನೀವೇ ಹೋಗಿ ಅಕ್ಕ. ನಿಮ್ಮ ಸೋದರಮಾವ ತಾನೇ? ನಮ್ಮ ಕಟ್ಟಳೇಲಿ ತಂಗಿ ಮಗಳಿಗೆ ಅವರು ಇಲ್ಲ ಅನ್ನೋ ಹಾಗೇ ಇಲ್ಲ. ಆ ಮನೇಲಿ ಹಂದಿ ಬೇಕಾದ್ರೂ ಹಿಡ್ಕೊಂಡು ಬನ್ನಿ, ಚಾಪೆ ಬೇಕಾದ್ರೂ ಸುತ್ಕೊಂಡು ಬನ್ನಿ. ಕೇಳೋದೂ ಬೇಡ!"

ಕೇಳದೆ ತೆಗೆದುಕೊಳ್ಳಬೇಡಿ ಎಂದು ಹದಿನೈದು ವರ್ಷ ಊರಿಗೆಲ್ಲ ಪಾಠ ಹೇಳಿದವಳಿಗೆ ಈ ಉಪದೇಶ! ಹಣೆ ಹಣೆ ಚಚ್ಚಿಕೊಳ್ಳುವಂತಾಯಿತು. ಆದರೂ ಶನಿವಾರ ಬೆಳಗಿನ ದೋಣಿ ಹತ್ತಿದಳು.

ಇಲಿಕೇನಾ ಮೇಷ್ಟ್ರು ಮರಗೆಣಸು ಸುಲಿಯುತ್ತ ಕೂತಿದ್ದರು. ಹಳೆಯ ಮನೆ ಬಿರುಗಾಳಿಗೆ ಹೋದ ಮೇಲೆ ಕಟ್ಟಿಕೊಂಡ ತಗಡಿನ ಮನೆ. ಸೋದರಸೊಸೆಯನ್ನು ಕಂಡು ಮುಖ ಅರಳಿತು. ಆಕೆ ಮುಂದಿಟ್ಟ ಅರ್ಜಿಯನ್ನು ಎರಡು ಸಲ ಓದಿದ ಮೇಲೆ ಅದೇ ಮುಖ ಬಾಡಿತು.

"ಏನು ತಾಯೀ, ಈ ಮನೇಲಿ ಯಾರಾದ್ರೂ ನಿನಗೆ ಇಲ್ಲ ಅಂದ್ರಾ?"

"ಇಲ್ಲ ಮಾವ."

"ಮತ್ತೆ ನನ್ನ ಹತ್ರ ಒಪ್ಪಿಗೆ ಕೇಳ್ತೀಯಲ್ಲ? ನಿಮ್ಮಮ್ಮ ಇದ್ದಿದ್ರೆ ಏನಂದ್ಕೊಳ್ತಿದ್ಲು?"

"ನನಗಲ್ಲ ಮಾವ, ಕಡತಕ್ಕೆ. ಸಹಿ ಇಲ್ಲದಿದ್ರೆ ಪುಸ್ತಕ ಹೊರಗೆ ಕೊಡೋಕಾಗಲ್ಲ. ಮಕ್ಕಳು ಫೇಲಾಗ್ತಾರೆ."

"ತಂಗಿ ಮಗಳಿಗೆ ಒಪ್ಪಿಗೆ ಬರೆದುಕೊಡೋ ಪಾಪ ನಾನು ಮಾಡಲ್ಲ."

ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನಿನ ಊಟವಾಯಿತು, ಚಹಾ ಆಯಿತು, ಮುದುಕ ಜಪ್ಪಯ್ಯ ಅನ್ನಲಿಲ್ಲ. ಅತ್ತ ಪೆನಾಯಾ, ಇತ್ತ ಮಾವ, ನಡುವೆ ತಾನು! ಸಿಟ್ಟಿಗೆ ಲೊಸಾಲಿನಿಯ ಕಣ್ಣಲ್ಲಿ ನೀರೇ ಬಂತು. "ಮಾಡಿದ್ದೆಲ್ಲ ನನ್ನದೇ ತಪ್ಪು ಬಿಡಿ ಮಾವ," ಎಂದು ಚೀಲ ಎತ್ತಿಕೊಂಡು ಎದ್ದಳು.

ಮೇಷ್ಟ್ರು ಆಕೆಯ ಚೀಲ ಹಿಡಿದು ನಿಲ್ಲಿಸಿದರು. ಅರ್ಜಿಯನ್ನು ಎಳೆದುಕೊಂಡು, ಮಗುಚಿ ಹಾಕಿ, ಹಿಂಬದಿಯಲ್ಲಿ ಏನೋ ಬರೆದು, ಸಹಿ ಮಾಡಿ, ಮಡಚಿ ಆಕೆಯ ಕೈಗಿಟ್ಟರು. ದೋಣಿಯಲ್ಲಿ ಕೂತ ಮೇಲೆ ಬಿಡಿಸಿ ಓದಿದಳು.

"ಈ ಪುಸ್ತಕ ನನ್ನ ತಂಗಿಯ ಮಗಳು ಲೊಸಾಲಿನಿಯದು. ಇದರ ಎಲ್ಲ ಹಕ್ಕನ್ನೂ ಆಕೆಗೆ ಕೊಟ್ಟಿದ್ದೇನೆ. ಬೇಕಾದವರು ಇನ್ನು ಮುಂದೆ ಆಕೆಯನ್ನೇ ಕೇಳಲಿ. ನನ್ನ ಹತ್ತಿರ ಇದ್ದ ಪ್ರತಿ ಬಿರುಗಾಳಿಯಲ್ಲಿ ಹೋಯಿತು. ಆಕೆ ಒಪ್ಪುವುದಾದರೆ ನನಗೂ ಒಂದು ನಕಲು ಬೇಕಿತ್ತು."

ದಡ ಬರುವವರೆಗೂ ಆಕೆ ಆ ಕಾಗದವನ್ನು ಮಡಚಲಿಲ್ಲ.

ಸೋಮವಾರ ಬೆಳಗ್ಗೆ, ಹಕ್ಕು ಯಾರ ಕೈಗೆ ಬಂತೆಂದು ತಿಳಿದ ಪೆನಾಯಾ ಆಕೆಯ ಮೇಜಿನ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಮುಂದೆ ಯಂಗೋನ ಬೇರಿನ ಹೊಸ ಕಟ್ಟು. ಈ ಸಲ ಹಲ್ಲು ಕಿರಿಯಲಿಲ್ಲ, ತಲೆ ತಗ್ಗಿಸಿ ಕ್ರಮವಾಗಿ ಕೇಳಿಕೊಂಡ. ಲೊಸಾಲಿನಿಯೂ ಕುರ್ಚಿಯಿಂದಿಳಿದು ಎದುರು ಕೂತಳು. ಅಂಗೈ ಬಟ್ಟಲು ಮಾಡಿ ಚಪ್ಪಾಳೆ ತಟ್ಟಿ ಬೇರನ್ನು ತೆಗೆದುಕೊಂಡಳು. ಆಮೇಲೆ ಮೇಜಿನ ಮೇಲಿಂದ ಖಾಲಿ ಅರ್ಜಿಯೊಂದನ್ನು ಎಳೆದು ಅವನ ಮೂಗಿನ ಮುಂದೆ ಹಿಡಿದಳು.

"ಅದೂ ಆಯ್ತು. ಈಗ ಇದನ್ನ ತುಂಬು. ಮೂವತ್ತಾರು ಪ್ರತಿ, ಈ ಸಲದ ಪರೀಕ್ಷೆಗೆ ಮಾತ್ರ ಅಂತ ಬರಿ."

ಪೆನಾಯಾ ತುಂಬಿ ಸಹಿ ಹಾಕಿದ. ಆಕೆ ಬೀರುವಿನ ಬೀಗ ತೆಗೆದಳು.

"ಇನ್ನೊಂದು ನಕಲು ಮಾಡು, ಒಳ್ಳೇ ಕಾಗದದಲ್ಲಿ. ಓವಲಾವಿಗೆ ಕಳಿಸೋದಿದೆ."

"ಅದಕ್ಕೂ ಅರ್ಜಿ ಬೇಕಾ ಅಕ್ಕ?"

"ಬೇಡ," ಎಂದಳು ಲೊಸಾಲಿನಿ. "ಅದಕ್ಕೆ ಯಾರೂ ಏನೂ ಬರೆಯೋದು ಬೇಡ."